ಬಾನೆಟ್ ಮೇಲಿಟ್ಟ ಊಟ

ಊರಾಚೆಯ ಬಡಾವಣೆಗಳಲ್ಲಿ ಎಲ್ಲಿ ಊಟ ಚೆನ್ನಾಗಿರುತ್ತೆ ಅಂತ ಗ್ರೂಪಿನಲ್ಲಿ ಕೇಳಿದ್ದೀರಿ. ಬೆರಳಲ್ಲಿ ಕುಟ್ಟಿ ಮುಗಿಸುವ ಉತ್ತರವಲ್ಲ ಅದು. ಹಾಗಾಗಿ ಬಾಯಲ್ಲೇ ಹೇಳಿ ಕಳಿಸುತ್ತಿದ್ದೇನೆ, ಉದ್ದವಾಯಿತು ಅಂತ ಬೈಯಬೇಡಿ. ಇದಕ್ಕೆ ಉತ್ತರ ಕೊಡಬೇಕಾದವನು ನಮ್ಮ ಸೋದರಮಾವ. ಆದರೆ ಈಗ ಅವನನ್ನು ಕೇಳಿದರೆ ಒಂದೇ ಮಾತು: "ಎಲ್ಲಾದ್ರೂ ತಿನ್ರಪ್ಪ. ಅಲ್ಲೇ ಕೂತು ತಿನ್ನಿ. ಮನೆಗೆ ಮಾತ್ರ ಕಟ್ಟಿಸ್ಕೊಂಡು ಬರಬೇಡಿ."

ಮಾವ ಸಿಟಿ ಬಸ್ಸಿನ ಡ್ರೈವರ್. ಊರೊಳಗೆ ಹೋಗುವ ಬಸ್ಸಲ್ಲ, ಊರಿನ ಅಂಚನ್ನೇ ಹಿಡಿದು ಸುತ್ತುವ ಬಸ್ಸು. ಚರ್ಮ ಹದ ಮಾಡುವವರ ಬೀದಿ, ಕಲ್ಲು ಕ್ವಾರಿಯ ಶೆಡ್ಡುಗಳು, ಬಟ್ಟೆ ಫ್ಯಾಕ್ಟರಿಯ ಗೇಟು, ತರಕಾರಿ ಮಂಡಿ, ವಿಮಾನ ನಿಲ್ದಾಣದ ಹಿಂದಿನ ಗೋಡೆ. ಒಂದೊಂದು ಸ್ಟಾಪಿನಲ್ಲಿ ಒಂದೊಂದು ಭಾಷೆ ಹತ್ತುತ್ತದೆ, ಇಳಿಯುತ್ತದೆ. ಬೆಟ್ಟದ ಕಡೆಯವರು, ಸಮುದ್ರದ ಕಡೆಯವರು, ಎಲ್ಲಿಂದ ಬಂದೆವು ಅಂತ ಬಾಯಿಬಿಡದವರು, ಎಲ್ಲರೂ ತಮ್ಮ ತಮ್ಮ ಒಲೆ ಹೊತ್ತುಕೊಂಡೇ ಬಂದಿದ್ದಾರೆ. ಯಾವ ಒಲೆ ಯಾವ ಸಂದಿಯಲ್ಲಿದೆ ಅನ್ನುವುದು ಮಾವನಿಗೆ ಬಾಯಿಪಾಠ. ಯಾರಾದರೂ ದಾರಿ ಕೇಳಿದರೂ ಊಟದ ಮೇಲೆಯೇ ಹೇಳುತ್ತಿದ್ದ.

"ಆಸ್ಪತ್ರೆನಾ? ಮೀನು ಸುಡೋ ಅಜ್ಜ ಸಿಗ್ತಾನಲ್ಲ, ಅವನನ್ನ ದಾಟಿ. ಆಮೇಲೆ ಹಿಟ್ಟಿನ ಉಂಡೆ ಹಬೆಯಲ್ಲಿ ಬೇಯ್ಸೋರ ಎದುರು ಎಡಕ್ಕೆ. ಹೆಂಗೂ ಹೋಗ್ತಿದೀರ, ಎರಡು ಉಂಡೆ ತಿಂದೇ ಹೋಗಿ."

"ನಮ್ಮಣ್ಣನ ತಲೆಯೊಳಗೆ ರಸ್ತೆನೇ ಇಲ್ಲ, ಬರೀ ತಟ್ಟೆ" ಅನ್ನುತ್ತಿದ್ದಳು ಅಮ್ಮ.

ಇನ್ನು ಬಸ್ಸಿನ ವಿಷಯ. ಅದು ಹಳೇ ಕಾಲದ ಗಾಡಿ, ಎಂಜಿನ್ ಮುಂದೆ, ಡ್ರೈವರ್ ಸೀಟಿನ ಪಕ್ಕದಲ್ಲೇ. ಎಂಜಿನ್ ಮೇಲೆ ದೊಡ್ಡ ಬಾನೆಟ್ ಮುಚ್ಚಳ, ಅದರ ಮೇಲೆ ತೇಪೆ ಹಾಕಿದ ರೆಕ್ಸಿನ್. ಗೇರಿನ ಬುಡದಲ್ಲಿ ಒಂದು ಸಂದು, ಅಲ್ಲಿಂದ ಬಿಸಿ ಗಾಳಿ, ಹೊಗೆ ಎರಡೂ ಬರುತ್ತವೆ. ನಮ್ಮ ಡಿಪೋದವರಿಗೆ ಬಾನೆಟ್ ಅಂದರೆ ಒಲೆಯಿದ್ದ ಹಾಗೆ. ಬೆಳಿಗ್ಗೆ ಡಬ್ಬಿ ಅದರ ಮೇಲಿಟ್ಟರೆ ಮಧ್ಯಾಹ್ನ ಆಗತಾನೇ ಇಳಿಸಿದಂತಿರುತ್ತದೆ. ಎಲ್ಲ ಡ್ರೈವರುಗಳೂ ಹಾಗೆಯೇ ಉಣ್ಣುವುದು. ನಮ್ಮ ಮನೆಗಳಿರುವುದೂ ಡಿಪೋ ಗೋಡೆಯ ಹಿಂದಿನ ಬೀದಿಯಲ್ಲಿ. ಮಾವನದು ಕೆಳಮನೆ, ನಮ್ಮದು ಮೇಲೆ. ಡೀಸೆಲ್ ಅನ್ನುವುದು ನಮಗೆ ವಾಸನೆಯೇ ಅಲ್ಲ, ಬರೀ ಗಾಳಿ.

ಮಾವನ ಹೆಂಡತಿ, ನಮ್ಮ ಅತ್ತೆಗೆ ಹೊಟ್ಟೆಯ ಕಾಯಿಲೆ ಬಂತು, ಕೆಟ್ಟದ್ದೇ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಔಷಧಿ ಏರಿಸುತ್ತಿದ್ದರು. ಒಂದು ಸರ್ತಿ ಏರಿಸಿ, ಮನೆಗೆ ಕಳಿಸಿ, ಚೇತರಿಸಿಕೊಂಡ ಮೇಲೆ ಮತ್ತೆ ಏರಿಸುವುದು. ಔಷಧಿ ಹೊಕ್ಕಮೇಲೆ ಅವಳಿಗೆ ಊಟ ಸೇರುವುದೇ ನಿಂತುಹೋಯಿತು. ಒಗ್ಗರಣೆ ಸಿಡಿದರೆ ವಾಂತಿ. ಮಾವ ಮನೆಯಲ್ಲಿ ಒಲೆ ಹಚ್ಚುವುದನ್ನೇ ಬಿಟ್ಟ. ಅಮ್ಮ ಮೇಲಿನಿಂದ ಒಯ್ದ ಅನ್ನ ಮಜ್ಜಿಗೆಯಲ್ಲಿ ನಾಲ್ಕು ತುತ್ತು ಹೋದರೆ ಹೆಚ್ಚು.

ಡಾಕ್ಟರಮ್ಮ ಬಿಡಿಸಿ ಹೇಳಿದರು: "ತೂಕ ಇಳೀತಿದೆ. ಇನ್ನೂ ಇಳಿದ್ರೆ ಮುಂದಿನ ಔಷಧಿ ಕೊಡೋಕಾಗಲ್ಲ, ಮೈ ತಡ್ಕೊಳ್ಳಲ್ಲ. ಹೆಂಗಾದ್ರೂ ಮಾಡಿ ತಿನ್ನಿಸಿ. ಅವ್ರಿಗೆ ಏನು ಹಿಡಿಸುತ್ತೋ ಅದು."

ಮಾವನ ಮುಖ ಆ ಕಾರಿಡಾರಿನಲ್ಲಿ ಮೊದಲ ಸಲ ಅರಳಿತು. "ಊಟ ತಾನೇ ಡಾಕ್ಟ್ರೇ? ಅದನ್ನ ನನಗೆ ಬಿಡಿ."

ಅಲ್ಲಿಂದ ಶುರುವಾಯಿತು ಅವನ ಬೇಟೆ. ಕೊನೆಯ ಟ್ರಿಪ್ಪಿನಲ್ಲಿ ದಿನಕ್ಕೊಂದು ಸ್ಟಾಪಿನಿಂದ ಊಟ ಕಟ್ಟಿಸುತ್ತಿದ್ದ. ಒಂದು ದಿನ ಮಂಡಿಯ ಹಿಂದಿನ ಹೆಂಗಸರು ಮಾಡುವ ಸೊಪ್ಪಿನ ಬೇಳೆ. ಒಂದು ದಿನ ಕ್ವಾರಿಯವರ ದಪ್ಪ ರೊಟ್ಟಿ, ಕಾಳಿನ ಗಸಿ. ಒಂದು ದಿನ ಬೆಟ್ಟದವರ ಎಲುಬಿನ ಸೂಪು. ಹೊಗೆ ಹತ್ತಿಸಿದ ಮೀನು, ಹಾಲಿನಲ್ಲಿ ಬೇಯಿಸಿದ ಸಿಹಿ ಗೋಧಿ. ಡಬ್ಬಿಗೆ ತನ್ನ ಟವೆಲ್ ಸುತ್ತಿ, ಬಾನೆಟ್ಟಿನ ಮೇಲೆ ಅತಿ ಬಿಸಿ ಎಲ್ಲಿದೆಯೋ ಅಲ್ಲೇ, ಗೇರಿನ ಬುಡಕ್ಕೆ ಒತ್ತಿ ಇಟ್ಟುಕೊಂಡು ಬರುತ್ತಿದ್ದ. ಹಳ್ಳ ಬಂದರೆ ಬಸ್ಸನ್ನು ತೊಟ್ಟಿಲಿನಂತೆ ಇಳಿಸುತ್ತಿದ್ದ.

"ಏನಣ್ಣಾ, ಒಳಗಿರೋ ನಾವು ಕುಂಬಳಕಾಯಿಗಳು, ಆ ಡಬ್ಬಿಯೊಂದೇ ಪ್ಯಾಸೆಂಜರ್ರು!" ಅಂತ ಕಂಡಕ್ಟರಮ್ಮ ರೇಗಿಸುತ್ತಿದ್ದಳು.

ಡ್ಯೂಟಿ ಇಳಿದು ಓಡೋಡಿ ಮನೆಗೆ ಬರುತ್ತಿದ್ದ. ಚಪ್ಪಲಿ ಕಳಚುವ ಮೊದಲೇ ಕೂಗು: "ಲೇ, ಬಿಸಿ ಇದೆ ನೋಡು! ಕೈ ಸುಡುತ್ತೆ!"

ಅತ್ತೆ ಎದ್ದು ಕೂರುತ್ತಿದ್ದಳು. ಮಂಚದ ಅಂಚಿನಲ್ಲಿ ಅವಳಿಗೆ ಒತ್ತಿಕೊಂಡು ಕೂತು ಮಾವ ಮುಚ್ಚಳ ತೆಗೆಯುತ್ತಿದ್ದ. ಅವಳು ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಹಾಗೇ ಇಟ್ಟುಕೊಂಡು, ನುಂಗುತ್ತಿದ್ದಳು.

"ಹೆಂಗಿದೆ?"

"ಚೆನ್ನಾಗಿದೆ ರೀ. ಯಾಕೋ ಉಪ್ಪು ಒಂಚೂರು ಮುಂದು."

ಮಾರನೆಯ ದಿನ ಹುಳಿ ಮುಂದು. ಅದರ ಮಾರನೆಯ ದಿನ ಹಸಿವಿಲ್ಲ. ಮಾವ ಬಿಡಲಿಲ್ಲ. ಆ ಅಂಗಡಿ ಆಗಲಿಲ್ಲವಾ, ಪಕ್ಕದ ಅಂಗಡಿ. ಉಪ್ಪು ಕಡಿಮೆ ಮಾಡಿ ಅಂತ ಭಾಷೆ ಬಾರದ ಅಡುಗೆಯವರಿಗೆ ಕೈಸನ್ನೆಯಲ್ಲಿ ಗೋಗರೆದ. ಅತ್ತೆಯ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು.

ಇಷ್ಟರ ನಡುವೆ ಒಂದು ದಿನ ಬಟ್ಟೆ ಫ್ಯಾಕ್ಟರಿಯ ಗೇಟಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಅಲ್ಲೇ ಒಬ್ಬ ಹೆಂಗಸಿನ ತಗಡಿನ ಹೋಟೆಲು. ಎಲ್ಲರೂ ಅವಳನ್ನು ಖಾರದಕ್ಕ ಅನ್ನುತ್ತಾರೆ. ಅವಳ ಅಡುಗೆಯಲ್ಲಿ ಖಾರ ಇರುವುದಿಲ್ಲ, ಎಲ್ಲ ಬಾಯಲ್ಲೇ. ಶುಂಠಿ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಮೇಲೊಂದು ಮೊಟ್ಟೆ, ಇಷ್ಟೇ ಅವಳ ಹತ್ತಿರ ಸಿಗುವುದು. ಮಾವ ಅದನ್ನೇ ಕಟ್ಟಿಸಿಕೊಂಡು, ತರಕಾರಿ ಟೆಂಪೋ ಹಿಂದೆ ನಿಂತು, ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ. ಮನೆ ಮುಟ್ಟುವಷ್ಟರಲ್ಲಿ ಅನ್ನ ತಣ್ಣಗೆ ಕಲ್ಲು.

"ಇವತ್ತು ಆರಿಹೋಗಿದೆ ಕಣೇ. ಬೇಡ ಅಂದ್ರೆ ಬಿಡು" ಅಂದ, ಕಳ್ಳನ ಹಾಗೆ ನಿಂತುಕೊಂಡು.

ಅತ್ತೆ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಡಬ್ಬಿಯ ತಳ ಕಾಣುವವರೆಗೆ ತಿಂದು ಬೆರಳು ನೆಕ್ಕಿದಳು. ಮಾವ ಮೆಟ್ಟಿಲ ಬುಡಕ್ಕೆ ಬಂದು ಕೂಗಿದ: "ತಂಗೀ, ಬಾ ಇಲ್ಲಿ, ಡಬ್ಬಿ ನೋಡು!" ಅಮ್ಮ ಖಾಲಿ ಡಬ್ಬಿ ಹಿಡಿದು ಅತ್ತಳು. ಅವತ್ತು ನಮ್ಮೆಲ್ಲರಿಗೂ ಹಬ್ಬ.

ಮರುದಿನವೇ ಮಾವ ಖಾರದಕ್ಕನ ಹತ್ತಿರ ಅದೇ ಅನ್ನ ಕಟ್ಟಿಸಿದ. ಬಸ್ಸು ರಿಪೇರಿಯಾಗಿತ್ತು. ಟವೆಲ್ ಸುತ್ತಿ, ಬಾನೆಟ್ಟಿನ ಮೇಲಿಟ್ಟು, ಹಬೆಯಾಡುವಂತೆ ತಂದ. ಅತ್ತೆ ಒಂದು ತುತ್ತಿಗೇ ತಟ್ಟೆ ಸರಿಸಿದಳು. ಅದರ ಮರುದಿನವೂ ಅಷ್ಟೇ. ತೂಕ ನೋಡುವ ದಿನ ಹತ್ತಿರ ಬರುತ್ತಿತ್ತು. ಮಾವನಿಗೆ ಪಿತ್ತ ನೆತ್ತಿಗೇರಿತು. ಅಡುಗೆ ಬದಲಾಯಿಸಿದ್ದಾಳೆ, ಒಂದು ದಿನ ರುಚಿ ತೋರಿಸಿ ಆಮೇಲೆ ಕೈ ಕೊಟ್ಟಿದ್ದಾಳೆ, ಅದೇ ಅವನ ತೀರ್ಮಾನ. ಮಾರನೆಯ ಬೆಳಿಗ್ಗೆ ಅತ್ತೆ ಬಿಟ್ಟ ಡಬ್ಬಿಯನ್ನು ಹಾಗೇ ಬಸ್ಸಿಗೆ ಒಯ್ದು, ಫ್ಯಾಕ್ಟರಿ ಗೇಟಿನಲ್ಲಿ ಇಳಿದ. ಕಾಲೇಜಿಗೆ ಹೊರಟಿದ್ದ ನಾನೂ ಆ ಬಸ್ಸಿನಲ್ಲಿದ್ದೆ.

"ಏನಕ್ಕಾ, ನನ್ನ ಹೆಂಡ್ತಿ ಜೀವದ ಜೊತೆ ಆಟ ಆಡ್ತಿದೀಯಾ?" ಅಂತ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದ. "ಅವತ್ತು ಹಾಕಿದ್ದು ಬೇರೆ, ಈಗ ಹಾಕ್ತಿರೋದು ಬೇರೆ."

"ಏ ಡ್ರೈವರಣ್ಣ, ನಾಲಿಗೆ ಬಿಗಿ ಹಿಡಿ. ನನಗೆ ಬರೋದು ಒಂದೇ ಅಡುಗೆ. ಅದನ್ನೂ ಬದಲಾಯ್ಸಿದ್ರೆ ನಾನೇನು ಮಣ್ಣು ಬೇಯ್ಸ್ಲಾ?" ಅಂದಳು ಖಾರದಕ್ಕ. ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದವಳೇ ಮುಖ ಹಿಂದಕ್ಕೆ ಎಳೆದುಕೊಂಡಳು. "ಥೂ! ಎಲ್ಲಿಟ್ಟಿದ್ದೆ ಇದನ್ನ? ಪೆಟ್ರೋಲ್ ಬಂಕಲ್ಲಾ?"

"ಬಾನೆಟ್ ಮೇಲೆ. ಬಿಸಿ ಇರ್ಲಿ ಅಂತ."

"ಅನ್ನ ಪೂರ್ತಿ ಡೀಸೆಲ್ ಕುಡಿದುಬಿಟ್ಟಿದೆ. ನಾಯಿಗೆ ಹಾಕಿದ್ರೂ ಮೂಸಲ್ಲ. ಆ ಕಾಯ್ಲೆ ಮನುಷ್ಯಳಿಗೆ ಇದನ್ನ ತಿನ್ನಿಸ್ತಿದ್ಯಾ?"

ಮಾವ ಡಬ್ಬಿ ಕಸಿದುಕೊಂಡು ಮೂಸಿದ. ಮತ್ತೆ ಮೂಸಿದ. ಆಮೇಲೆ ಸುತ್ತಿದ್ದ ಟವೆಲ್ ಮೂಸಿದ. ನನ್ನ ಕಡೆ ತಿರುಗಿ, "ನಿಂಗೆ ಬರ್ತಿದೆಯಾ?" ಅಂದ. ನನಗೂ ಶುಂಠಿ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಆಗ ಅವನು ಬಸ್ಸಿನಲ್ಲಿದ್ದ, ನಮ್ಮ ಡಿಪೋ ಬೀದಿಯವರಲ್ಲದ ಪ್ಯಾಸೆಂಜರುಗಳ ಮುಂದೆ ಡಬ್ಬಿ ಹಿಡಿದು, "ಸ್ವಲ್ಪ ಮೂಸಿ ಹೇಳ್ತೀರಾ?" ಅಂತ ಒಬ್ಬೊಬ್ಬರನ್ನೇ ಕೇಳಿದ. ಎಲ್ಲರೂ ಮುಖ ತಿರುಗಿಸಿದರು. ಕಂಡಕ್ಟರಮ್ಮ ಅವತ್ತು ರೇಗಿಸಲಿಲ್ಲ.

ಡ್ಯೂಟಿ ಮುಗಿದ ಮೇಲೆ ಮಾವ ಬರಿಗೈಯಲ್ಲಿ ಮನೆಗೆ ಬಂದ. ಅಷ್ಟರಲ್ಲಿ ನಾನೂ ಕಾಲೇಜಿನಿಂದ ಬಂದು, ಅತ್ತೆಗೆ ಕಾಯಿಸಿ ಆರಿಸಿದ ನೀರು ತಂದು ಬಾಗಿಲಲ್ಲಿ ನಿಂತಿದ್ದೆ. ಅವನು ಮಂಚದ ಹತ್ತಿರ ಹೋಗಲಿಲ್ಲ.

"ಇಷ್ಟು ದಿನ ತಂದಿದ್ದೆಲ್ಲ ಡೀಸೆಲ್ ವಾಸನೆ ಬರ್ತಿತ್ತಾ?"

ಅತ್ತೆ ನೀರಿಗೆ ನನ್ನ ಕಡೆ ಕೈ ಚಾಚಿದಳು.

"ಕೇಳ್ತಿದೀನಿ. ಬರ್ತಿತ್ತಾ?"

"ಬರ್ತಿತ್ತು."

"ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ? ಉಪ್ಪು ಅಂದೆ, ಹುಳಿ ಅಂದೆ. ನಾನು ಊರೆಲ್ಲ ಬಾಣಲೆ ಬಾಣಲೆ ಹುಡುಕ್ಕೊಂಡು ಅಲೆದೆ!"

"ಏನಂತ ಹೇಳ್ಲಿ ರೀ?" ಅಂದಳು ಅವಳು. "ಅದೇ ವಾಸನೆ ನಿಮ್ಮ ಅಂಗಿಗೂ ಬರುತ್ತೆ, ಕೈಗೂ ಬರುತ್ತೆ. ಊಟಕ್ಕೆ ಬರುತ್ತೆ ಅಂದಿದ್ರೆ ನೀವು ಹತ್ತಿರ ಕೂರೋದೇ ಬಿಟ್ಬಿಡ್ತಿದ್ರಿ. ದಿನವಿಡೀ ಗೋಡೆ ನೋಡ್ಕೊಂಡು ಮಲಗಿರ್ತೀನಿ. ನೀವು ಬಂದು ಪಕ್ಕದಲ್ಲಿ ಕೂತು ಮುಚ್ಚಳ ತೆಗೆಯೋದೊಂದೇ ನಂಗಿದ್ದಿದ್ದು."

ಮಾವ ತನ್ನ ಅಂಗಿಯ ತೋಳು ಮೂಸಿದ. ಆಮೇಲೆ ಬಚ್ಚಲಿಗೆ ಹೋದ. ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳುತ್ತಿತ್ತು.

ತೂಕ ನೋಡುವ ದಿನ ಅವಳಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಸಿ ಕರೆದುಕೊಂಡು ಹೋದ. ಯಂತ್ರದ ಮೇಲೆ ಹತ್ತಿಸುವಾಗ ನರ್ಸಿನ ಕೈಗೆ ಸ್ವೆಟರಿನ ಜೇಬಿನಲ್ಲಿ ಏನೋ ಗಟ್ಟಿ ತಾಗಿತು. ತೆಗೆದು ನೋಡಿದರೆ ಬಸ್ಸಿನ ಸ್ಪ್ಯಾನರ್.

"ಏನಮ್ಮಾ, ನಿಮ್ಮ ಯಜಮಾನ್ರು ಇದನ್ನೂ ತಿನ್ನಿಸ್ತಿದಾರಾ?" ಅಂದಳು ನರ್ಸು.

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಮಾವ ಸ್ಪ್ಯಾನರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮುಳ್ಳು ನಿಂತ ಜಾಗವನ್ನೇ ನೋಡುತ್ತಿದ್ದ. ಡಾಕ್ಟರಮ್ಮ ಅವನನ್ನು ಹೊರಗೆ ಕರೆದು, ಇನ್ನು ಔಷಧಿ ಏರಿಸುವುದಕ್ಕೆ ಆಗುವುದಿಲ್ಲ, ಮನೆಯಲ್ಲೇ ನೋವಾಗದ ಹಾಗೆ ನೋಡಿಕೊಳ್ಳಿ ಅಂದರು.

ಆಮೇಲೆ ಅವನು ಎಲ್ಲವನ್ನೂ ಸರಿಯಾಗಿ ಮಾಡಿದ. ಡಿಪೋದಲ್ಲೇ ಸ್ನಾನ, ಒಗೆದ ಬಟ್ಟೆ. ಡಬ್ಬಿಯನ್ನು ಕಂಡಕ್ಟರಮ್ಮ ಕೊನೆಯ ಸೀಟಿನಲ್ಲಿ ಕಿಟಕಿ ತೆರೆದು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದಳು. ಖಾರದಕ್ಕ ಹೊಸ ಡಬ್ಬಿಯನ್ನೇ ಕೊಟ್ಟಳು, ಬೈದುಕೊಂಡೇ. ಮಾವ ಮನೆಗೆ ಬಂದು ಅದನ್ನು ಅಮ್ಮನ ಕೈಗೆ ಕೊಟ್ಟು, ತಾನು ಹೊಸ್ತಿಲಲ್ಲೇ ಕೂರುತ್ತಿದ್ದ.

ಅತ್ತೆ ಎರಡು ತುತ್ತು ತಿಂದು, "ಚೆನ್ನಾಗಿದೆ ರೀ. ಇವತ್ತು ನಿಜವಾಗ್ಲೂ" ಅಂದಳು ಒಂದು ದಿನ. ಮೂರನೆಯ ತುತ್ತು ಇಳಿಯಲಿಲ್ಲ. ತಿನ್ನುವ ಶಕ್ತಿಯೇ ಹೊರಟುಹೋಗಿತ್ತು.

"ಬನ್ನಿ ಇಲ್ಲಿ. ಹತ್ತಿರ ಕೂತ್ಕೊಳ್ಳಿ."

"ಬೇಡ ಕಣೇ. ಇನ್ನೂ ಬರ್ತಿದೆಯೋ ಏನೋ. ನಂಗೆ ಗೊತ್ತಾಗಲ್ಲ."

"ನೋಡಿದ್ರಾ? ಇದಕ್ಕೇ ಹೇಳಿರ್ಲಿಲ್ಲ" ಅಂತ ಅವಳು ಗೋಡೆ ಕಡೆ ತಿರುಗಿದಳು.

ಅವನು ಎದ್ದು ಹೋಗಿ ಕೂತ. ಆದರೆ ಮೊದಲಿನಂತೆ ಒತ್ತಿಕೊಂಡು ಕೂರಲಿಲ್ಲ, ನಡುವೆ ಒಂದು ದಿಂಬು ಹಿಡಿಸುವಷ್ಟು ಜಾಗ ಬಿಟ್ಟ. ಕೊನೆಯವರೆಗೂ ಆ ಜಾಗ ಹಾಗೇ ಉಳಿಯಿತು. ಮಳೆ ಹಿಡಿಯುವ ಮೊದಲು ಅತ್ತೆ ಹೋದಳು.

ಮಾವ ಈಗಲೂ ಅದೇ ಬಸ್ಸು ಓಡಿಸುತ್ತಾನೆ. ಬಾನೆಟ್ಟಿನ ಮೇಲೆ ಯಾರನ್ನೂ ಡಬ್ಬಿ ಇಡಲು ಬಿಡುವುದಿಲ್ಲ. ಮರೆತು ಇಟ್ಟವರ ಡಬ್ಬಿಯನ್ನು ಮಾತಾಡದೆ ಎತ್ತಿ ಅವರ ಕೈಗೆ ಕೊಡುತ್ತಾನೆ.

ಮೊನ್ನೆ ಅವನ ಜೊತೆ ಖಾರದಕ್ಕನ ಹೋಟೆಲಿಗೆ ಹೋಗಿದ್ದೆ. ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಬೇಕಿದ್ದರೆ ಅದೇ, ಬಟ್ಟೆ ಫ್ಯಾಕ್ಟರಿಯ ಗೇಟು, ತಗಡಿನ ಹೋಟೆಲು. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಬೆಂಚಿನ ಮೇಲೆ ಕೂತು ತಿಂದ. ಖಾರದಕ್ಕ ಸೌಟು ಹಿಡಿದು ಅವನ ಮುಂದೆಯೇ ನಿಂತಿದ್ದಳು.

"ಹೆಂಗಿದೆ ಡ್ರೈವರಣ್ಣ?"

ಮಾವ ಬಾಯಲ್ಲಿದ್ದದ್ದನ್ನು ಮೆಲ್ಲಗೆ ಅಗಿದ. ಮೂಗು ತಟ್ಟೆಗೆ ತಾಗುವಷ್ಟು ಬಗ್ಗಿ ಒಮ್ಮೆ ಉಸಿರು ಎಳೆದುಕೊಂಡ.

"ಬಿಸಿ ಇದೆ ಅಕ್ಕಾ" ಅಂದ. "ಬಿಸಿ ಇದೆ."