ಅಧಿಕ ಮಾಸದ ಬಾಡಿಗೆ

ಕುಣಿಗಲ್‌ನ ದೊಡ್ಡ ಕೆರೆ ನೋಡಿಕೊಂಡು ಬೆಳೆದವಳು ನಾನು. ಸಣ್ಣಪುಟ್ಟದಕ್ಕೆಲ್ಲ ಬಾಯಿ ಬಿಡುವವಳಲ್ಲ ಎಂಬ ಜಂಬ ಇತ್ತು. ಮದುವೆಯಾಗಿ ಗುಬ್ಬಿಗೆ ಬಂದ ಮೂರನೇ ದಿನ ಮಾವ ತಮ್ಮ ಶಾಮಿಯಾನ ಅಂಗಡಿಯ ಹಿಂದಿನ ಗೋಡೌನ್ ತೆಗೆದು ತೋರಿಸಿದಾಗ ಅದು ಇಳಿಯಿತು. ನಾನು ಕಾಲು ಮಡಿಸಿ ಕೂರಬಹುದಾದಷ್ಟು ದೊಡ್ಡ ಕೊಪ್ಪರಿಗೆಗಳು, ನನ್ನೆತ್ತರದ ಸೌಟುಗಳು, ಸೂರಿನ ತನಕ ಪೇರಿಸಿದ ಕುರ್ಚಿಗಳು. ಪ್ರತಿ ಪಾತ್ರೆಯ ಅಂಚಿನಲ್ಲೂ ಮಾವನ ಹೆಸರಿನ ಎರಡಕ್ಷರ ಕೊರೆಸಿತ್ತು. ಒಂದೂರಿಗೆ ಊಟ ಹಾಕುವಷ್ಟು ಪಾತ್ರೆ ಒಂದೇ ಮನೆಯಲ್ಲಿರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಮಾವನಿಗೆ ಒಂದು ನೇಮವಿತ್ತು. ಯಾರೇ ಬಾಡಿಗೆಗೆ ಕೇಳಿಕೊಂಡು ಬರಲಿ, ಯಾವ ದಿನ, ಯಾವ ಊರು ಎನ್ನುವ ಮೊದಲು "ಏನ್ ಬೇಯಿಸ್ತೀರಪ್ಪ?" ಎಂದು ಕೇಳುತ್ತಿದ್ದರು. ಅಂಚಿಗೆ ಕೆಂಪು ಬಣ್ಣ ಬಳಿದವು ಬಾಡೂಟಕ್ಕೆ, ಬಳಿಯದವು ಸಿಹಿಯೂಟಕ್ಕೆ. ಈ ಸಾಲಿನದು ಆ ಸಾಲಿಗೆ ಹೋಗುವಂತಿಲ್ಲ. ಒಮ್ಮೆ ಚೇಳೂರು ಕಡೆಯವರೊಬ್ಬರು, "ದುಡ್ಡು ಕೊಡ್ತೀವಿ, ಏನಾದ್ರೂ ಬೇಯಿಸ್ಕೋತೀವಿ, ನಿಮಗ್ಯಾಕೆ?" ಎಂದದ್ದಕ್ಕೆ ಅವರ ಟ್ರ್ಯಾಕ್ಟರನ್ನು ಖಾಲಿ ಕಳಿಸಿದ್ದರು. ಮುದುಕರ ಹಟ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಮಾವನ ಕಣ್ಣು ಮಂಜಾದ ಮೇಲೆ ಅಂಗಡಿ ನನ್ನ ಕೈಗೆ ಬಂತು. ಬ್ಯಾಂಕಿನಲ್ಲಿ ಅಂಗಡಿಯ ಹೆಸರಿಗೇ ಖಾತೆ ಮಾಡಿಸಿದೆ. ಗಲ್ಲಾದ ಪಕ್ಕ ಸ್ಕ್ಯಾನ್ ಮಾಡುವ ಸ್ಟ್ಯಾಂಡು, ಅದರ ಜೊತೆಗೆ ದುಡ್ಡು ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸು ಬಂದವು. ಆ ಪುಟ್ಟ ಪೆಟ್ಟಿಗೆ ಮೊದಲ ಸಲ ಅಚ್ಚ ಕನ್ನಡದಲ್ಲಿ "ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ" ಎಂದಾಗ ಮಾವ ಕೈ ಮುಗಿದಿದ್ದರು.

ಪೆಟ್ಟಿಗೆ ಬಂತು, ವ್ಯಾಪಾರ ಹೋಯಿತು. ಊರಿಗೊಂದು ಕನ್ವೆನ್ಷನ್ ಹಾಲ್ ಎದ್ದು, ಪಾತ್ರೆ, ಕುರ್ಚಿ ಎಲ್ಲ ಅವರದೇ ಆಯಿತು. ಮನೆ ಮುಂದೆ ಚಪ್ಪರ ಹಾಕುವವರೂ ಬಫೆ ಸೆಟ್ ಇದೆಯೇ ಎಂದು ಕೇಳಿ, ಇಲ್ಲವೆಂದರೆ ತುಮಕೂರಿಗೆ ಹೋಗುತ್ತಿದ್ದರು. ಆ ಹೊಳೆಯುವ ಮುಚ್ಚಳದ ಸೆಟ್ಟಿನ ಮೇಲೆ ನನಗೆ ಆಸೆ ಹುಟ್ಟಿದ್ದು ಹಾಗೆ. ಅದೇ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂತು. ಎರಡು ತಿಂಗಳು ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ನನ್ನ ಯಜಮಾನರು ಟೆಂಪೊದಲ್ಲಿ ತೆಂಗಿನಕಾಯಿ ಲೋಡು ಹೊಡೆಯಲು ಹೋದರು. ನಾನು ನೊಣ ಓಡಿಸುತ್ತಾ ಫೋನು ನೋಡುತ್ತಾ ಕೂತೆ.

ಫೋನಿನಲ್ಲಿ ಆ ಮೆಸೇಜು ಬಂತು: ಅಂಗಡಿಯ ಖಾತೆ ಸುಮ್ಮನೆ ಬಿದ್ದಿದೆಯೇ, ಕೂತಲ್ಲೇ ಸಂಪಾದಿಸಿ. ಫೋನು ಮಾಡಿದೆ. ಆ ಕಡೆಯ ಗಂಡಸಿನ ಮಾತು ಬೆಣ್ಣೆಯಂತಿತ್ತು. "ಏನೂ ಇಲ್ಲ ಮೇಡಂ, ನಮ್ಮ ಕಸ್ಟಮರ್ಸ್ ದುಡ್ಡು ನಿಮ್ಮ ಅಕೌಂಟ್‌ಗೆ ಬರುತ್ತೆ. ಸಂಜೆ ನಾವು ಹೇಳಿದ ಕಡೆ ಕಳಿಸ್ಬಿಡಿ. ನೂರಕ್ಕೆ ಮೂರು ನಿಮ್ದು. ಅಕೌಂಟ್ ಬಾಡಿಗೆಗೆ ಕೊಟ್ಟಂಗೆ ಅನ್ಕೊಳ್ಳಿ."

ಬಾಡಿಗೆ! ಮನೆಯ ಕಸುಬನ್ನೇ ಕೇಳಿದರೆ ಇಲ್ಲವೆನ್ನುವುದು ಹೇಗೆ? ಖಾಲಿ ಬಿದ್ದ ಕೊಪ್ಪರಿಗೆಯಂತೆ ಖಾಲಿ ಬಿದ್ದ ಖಾತೆ. ಕೊಟ್ಟರೆ ಸವೆಯುತ್ತದೆಯೇ? ಸ್ಕ್ಯಾನ್ ಮಾಡುವ ಸ್ಟ್ಯಾಂಡಿನ ಫೋಟೊ ಹೊಡೆದು ಕಳಿಸಿದೆ. ಯಜಮಾನರಿಗೂ ಹೇಳಲಿಲ್ಲ, ಮಾವನಿಗೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೇ ಇರಬೇಕು.

ಮರುದಿನ ಹನ್ನೊಂದರ ಹೊತ್ತಿಗೆ, ಅಂಗಡಿಯಲ್ಲಿ ನರಪಿಳ್ಳೆ ಇಲ್ಲದಾಗ, ಪೆಟ್ಟಿಗೆ ಮಾತಾಡಿತು. "ಹದಿನೈದು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ." ಮೈ ಜುಂ ಎಂದಿತು. ಸ್ವಲ್ಪ ಹೊತ್ತಿಗೆ ಎರಡು ಸಾವಿರ, ಆಮೇಲೆ ನಲವತ್ತು ಸಾವಿರ. ಕಾಣದ ಯಾರೋ ಒಬ್ಬರ ಹಿಂದೊಬ್ಬರು ಬಂದು ಗಲ್ಲಾ ಮುಂದೆ ನಿಂತು ಹೋದ ಹಾಗಿತ್ತು. ನಲವತ್ತು ಸಾವಿರ ಎನ್ನುವ ಮಾತನ್ನು ಆ ಪೆಟ್ಟಿಗೆಯ ಬಾಯಲ್ಲಿ ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಹೆದರಿಕೆಯಲ್ಲ, ಆಗ ನನಗಾದದ್ದು ಬರೀ ಬೆರಗು.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ ಮಾವ ಎದ್ದು ಕೂತರು. "ಯಾರ್ ಕೊಟ್ರವ್ವ ಅಷ್ಟೊಂದ?"

"ಮುಂದಿನ ತಿಂಗ್ಳು ಮದ್ವೆಗೆ ಅಡ್ವಾನ್ಸು ಮಾವ."

"ಏನ್ ಬೇಯಿಸ್ತಾರಂತೆ?"

"ಇನ್ನೂ ಹೇಳಿಲ್ಲ," ಎಂದೆ.

"ಕೇಳ್ಬುಡು ಕಣವ್ವ," ಎಂದು ಅವರು ಗೋಡೆ ಹಿಡಿದುಕೊಂಡು ಗೋಡೌನಿಗೆ ಹೋದರು. ಪಾತ್ರೆ ಎಳೆಯುವ ಸದ್ದು ಕೇಳಿಸಿತು. ಸಂಜೆ ನಾನು ದುಡ್ಡನ್ನು ಆ ಗಂಡಸು ಹೇಳಿದ ಕಡೆ ಕಳಿಸಿ, ನನ್ನ ಪಾಲು ಉಳಿಸಿಕೊಂಡು ಗೋಡೌನಿಗೆ ಹೋಗಿ ನೋಡಿದರೆ, ಪೆಟ್ಟಿಗೆ ಕೂಗಿದ ಒಂದೊಂದು ಮೊತ್ತಕ್ಕೂ ಒಂದೊಂದು ಮದುವೆಯ ಸಾಮಾನು ಬೇರೆ ಬೇರೆ ಎತ್ತಿಟ್ಟಿದ್ದರು. ಮಂಜುಗಣ್ಣಿನಲ್ಲಿ, ಕೈಯಿಂದ ಅಂಚು ಸವರಿ ಸವರಿ, ಇಲ್ಲದ ಮದುವೆಗಳಿಗೆ ಹುಣಸೇಹಣ್ಣು ಹಚ್ಚಿ ಉಜ್ಜಿಟ್ಟಿದ್ದರು. "ಯಾರೇ ಬಂದ್ರೂ ತಡ ಆಗ್ಬಾರ್ದು, ಎತ್ ಮಡಗಿದೀನಿ," ಎಂದರು. ಅವರ ಮುಖದಲ್ಲಿದ್ದ ಸಂತೋಷ ನೋಡಲಾಗದೆ ನಾನು ಒಳಗೆ ಬಂದೆ.

ಎರಡನೇ ದಿನ ಮಧ್ಯಾಹ್ನ ಪೆಟ್ಟಿಗೆ ಹೇಳಿತು, "ಐದು ಸಾವಿರದ ಒಂದು ರೂಪಾಯಿ ಸ್ವೀಕರಿಸಲಾಗಿದೆ."

ಮಾವ ನಕ್ಕರು. "ಇದು ನಮ್ಮೋರ್ ದುಡ್ಡು ಕಣವ್ವ! ಸೊನ್ನೆಗೆ ನಿಲ್ಲಿಸ್ದೆ ಒಂದ್ ರೂಪಾಯಿ ಸೇರ್ಸವ್ರೆ ನೋಡು. ಮನಸಲ್ಲಿ ಒಳ್ಳೇದಾಗ್ಲಿ ಅಂತ ಇದ್ದೋರು."

ಮುಯ್ಯಿ ಮಾಡುವಾಗ, ಹೊಲಕ್ಕೆ ಮುಂಗಡ ಕೊಡುವಾಗ, ಹೊಸದೇನಾದರೂ ಶುರು ಮಾಡುವಾಗ ನಾವು ಸೇರಿಸುವ ಆ ಒಂದು ರೂಪಾಯಿಯನ್ನು ಯಾವ ಕಂಪನಿಯ ಕಸ್ಟಮರ್ ಸೇರಿಸುತ್ತಾನೆ? ಯಾರೋ ಒಬ್ಬರು, ಎಲ್ಲೋ ಕೂತು, ದೇವರಿಗೆ ಕೈ ಮುಗಿದು ಈ ದುಡ್ಡು ಕಳಿಸಿದ್ದಾರೆ. ಫೋನಿನಲ್ಲಿ ಕಳಿಸಿದವರ ಹೆಸರಿನ ಕೆಳಗೆ ನಂಬರೂ ಇತ್ತು. ಹಿತ್ತಲಿಗೆ ಹೋಗಿ ಆ ನಂಬರಿಗೆ ಫೋನು ಮಾಡಿದೆ.

ಹೆಂಗಸು. ಶಿರಾ ಹತ್ತಿರದ ಹಳ್ಳಿಯವರು. ಅಂಗಡಿಯ ಹೆಸರು ಹೇಳಿದ್ದೇ ತಡ, "ಮೇಡಂ! ಪೆನ್ಸಿಲ್ ಯಾವಾಗ ಬರುತ್ತೆ ಮೇಡಂ?" ಎಂದರು. ಮನೆಯಲ್ಲೇ ಕೂತು ಪೆನ್ಸಿಲ್ ಪ್ಯಾಕ್ ಮಾಡುವ ಕೆಲಸವಂತೆ, ಅದಕ್ಕೆ ಡಿಪಾಸಿಟ್ಟಂತೆ. ಡಬ್ಬ ಜೋಡಿಸಲು ಕೋಣೆ ಬೇರೆ ಗುಡಿಸಿಟ್ಟಿದ್ದಾರಂತೆ.

"ಒಂದ್ ರೂಪಾಯಿ ಜಾಸ್ತಿ ಯಾಕೆ ಹಾಕಿದ್ರಿ?" ಎಂದೆ. ಬೇರೇನೂ ತೋಚಲಿಲ್ಲ.

"ನನ್ನ ಮೊದಲ್ನೇ ಕೆಲ್ಸ ಅಲ್ವಾ ಮೇಡಂ, ಅದಕ್ಕೆ. ನಿಮ್ಗೂ ಒಳ್ಳೇದಾಗ್ಲಿ."

ಖಾಲಿ ಕೋಣೆ ಗುಡಿಸಿಕೊಂಡು ಕಾಯುವ ಅವರು ಅಲ್ಲಿ, ಇಲ್ಲದ ಮದುವೆಗೆ ಪಾತ್ರೆ ಉಜ್ಜಿಟ್ಟು ಕಾಯುವ ಮಾವ ಇಲ್ಲಿ. ಇಬ್ಬರನ್ನೂ ಕಾಯಲು ಕೂರಿಸಿದವಳು ನಾನು. ನನಗೆ ಅಳು ಬಂತು. "ಪೆನ್ಸಿಲ್ ಬರಲ್ಲ ಅಕ್ಕ. ಅವ್ರು ಮೋಸಗಾರ್ರು. ನಾನೂ ಅವ್ರ ಜೊತೆ ಸೇರ್ಕೊಂಡ್ಬಿಟ್ಟಿದೀನಿ. ಇನ್ ಯಾರಿಗೂ ದುಡ್ಡು ಹಾಕ್ಬೇಡಿ," ಎಂದೆ. ಆಗಲೇ ಐದು ಸಾವಿರದ ಒಂದನ್ನೂ ವಾಪಸು ಹಾಕಿದೆ.

ಒಳಗೆ ಬಂದು ಕೂತು ಹತ್ತು ನಿಮಿಷವಾಗಿರಬಹುದು. ಪೆಟ್ಟಿಗೆ ಮತ್ತೆ ಬಾಯಿ ತೆರೆಯಿತು.

"ಒಂದು ರೂಪಾಯಿ ಸ್ವೀಕರಿಸಲಾಗಿದೆ."

ಹಿಂದೆಯೇ ಅವರ ಮೆಸೇಜು: ಶುಭಕ್ಕೆ ಕೊಟ್ಟಿದ್ದು ವಾಪಸ್ ತಗೋಬಾರದು ಮೇಡಂ.

ನಾನು ಜೀವಮಾನದಲ್ಲಿ ಕೇಳಿದ ದೊಡ್ಡ ಮೊತ್ತ ಅದು. ಆ ಹೆಂಗಸು ನನ್ನನ್ನು ಬೈದು ಶಾಪ ಹಾಕಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

"ಇದ್ಯಾರವ್ವ, ಒಂದೇ ರೂಪಾಯಿ?" ಎಂದರು ಮಾವ. ಅವರ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. "ಏನ್ ಬೇಯಿಸ್ತಾರೆ ಅಂತ ಕೇಳ್ಲಿಲ್ವಾ ನೀನು?" ಎಂದರು. ಅಷ್ಟೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ನನ್ನ ಕೈಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಸ್ಕ್ಯಾನ್ ಮಾಡುವ ಸ್ಟ್ಯಾಂಡನ್ನು ಟವಲಿನಲ್ಲಿ ಸುತ್ತಿಕೊಂಡು ಮಾವ ನನ್ನ ಜೊತೆ ತುಮಕೂರಿನ ಬಸ್ಸು ಹತ್ತಿದರು. ಅಲ್ಲಿನ ಸೈಬರ್ ಪೊಲೀಸರು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ನನ್ನ ಪಾಲಿನ ದುಡ್ಡು ಖಾತೆಯಲ್ಲೇ ಇತ್ತು, ಅದರ ಸಮೇತ ಖಾತೆಗೆ ಬೀಗ ಬಿತ್ತು. ಮದುವೆಯ ಕಾಲ ಬಂದರೂ ಆ ಬೀಗ ತೆರೆಯಲಿಲ್ಲ. ಬಫೆ ಸೆಟ್ಟಿನ ಮಾತು ನಾನು ಮತ್ತೆ ಎತ್ತಲಿಲ್ಲ. ಮೊದಲ ದಿನ ನಾನು ಕಳಿಸಿಬಿಟ್ಟ ದುಡ್ಡಿನವರು ಯಾರು, ಅವರಿಗೆ ಅದು ವಾಪಸು ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಒಂದು ರೂಪಾಯಿ ಸೇರಿಸದಿದ್ದರೂ ಮನುಷ್ಯರೇ ತಾನೆ.

ಬಸ್ಸಿನಲ್ಲಿ ವಾಪಸು ಬರುವಾಗ ಮಾವ ಹೇಳಿದರು, "ಆ ಹೆಣ್ಮಗಳ್ ಹತ್ರ ಒಂದ್ ರೂಪಾಯಿ ಈಸ್ಕೊಂಡಿದೀವಿ. ಈಸ್ಕೊಂಡ್ ಮ್ಯಾಲೆ ಪಾತ್ರೆ ಕೊಡ್ಬೇಕು. ಫೋನ್ ಮಾಡು."

ಮಾಡಿದೆ. ನಿಮ್ಮ ಮನೆಯಲ್ಲಿ ಯಾವಾಗ ಏನು ಕಾರ್ಯವಾದರೂ ಒಂದು ಕೊಪ್ಪರಿಗೆ ನಿಮಗೆಂದೇ ಇರುತ್ತದೆ, ನಾವೇ ತಂದುಕೊಡುತ್ತೇವೆ ಎಂದೆ. ಮಾವ ಮೊಣಕೈಯಿಂದ ತಿವಿದರು. ನನಗೆ ನೆನಪಾಯಿತು.

"ಏನ್ ಬೇಯಿಸ್ತೀರಾ ಅಕ್ಕ?"

ಆ ಕಡೆ ಅವರು ಮೆಲ್ಲಗೆ ನಕ್ಕಿದ್ದು ಕೇಳಿಸಿತು. "ಪಾಯಸ ಅಂತ ಬರ್ಕೊಳ್ಳಿ," ಎಂದರು.

ಮನೆಗೆ ಬಂದು, ಕೆಂಪು ಬಳಿಯದ ಸಾಲಿನಲ್ಲಿ ಒಂದು ಕೊಪ್ಪರಿಗೆಯನ್ನು ಬೇರೆ ಇಟ್ಟೆವು.