ಬೇಳೆಯ ಕಟ್ಟು, ಕಾಲಿನ ಬಾವು

ಮೊದಲ ಸಲ ಅದು ಬಂದದ್ದು ಬಸ್ಸು ಮಸ್ಕಿ ದಾಟಿ ಸಿಂಧನೂರಿನ ಕಡೆ ಹೊರಟಾಗ. ನಾನು ಕಂಡಕ್ಟರ್. ಟಿಕೆಟ್ ಹರಿಯುತ್ತಿದ್ದ ಕೈ ನಿಂತಿತು. ಹೊಟ್ಟೆಯೊಳಗೆ ಒದ್ದೆ ಬಟ್ಟೆ ಹಿಂಡಿದಂಥ ನೋವು. ಸೀಟಿ ಊದಿ, ಬಸ್ ನಿಲ್ಲಿಸಿ, ಕಾಲುವೆಯ ಕಡೆ ಓಡಿದೆ.

"ಕಂಡಕ್ಟರ್ ಸಾಹೇಬ್ರ ಸ್ಟಾಪ್ ಬಂತು ನೋಡ್ರಲೇ!" ಹಿಂದಿನ ಸೀಟಿನವರು ನಕ್ಕರು. ಮರಳಿ ಬಂದು ನಾನೂ ನಕ್ಕೆ. ಆದರೆ ಆ ಸ್ಟಾಪ್ ದಿನವೂ ಬರತೊಡಗಿತು.

ಲಿಂಗಸುಗೂರಿನ ಡಾಕ್ಟರು ರಕ್ತ, ಮಲ, ಎಕ್ಸ್‌ರೇ ಎಲ್ಲ ನೋಡಿ "ಐಬಿಎಸ್" ಎಂದರು. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ಅದರ ನಡತೆಯೇ ಹಾಗೆ. ಆಗಿಬರದ್ದನ್ನು ಬಿಡಬೇಕು, ಅಷ್ಟೇ.

ಬಿಡುತ್ತ ಹೋದೆ. ಕಡಲೆ ಹೋಯಿತು, ಅಲಸಂದೆ ಹೋಯಿತು, ಹಾಲು, ಶೇಂಗಾ ಚಟ್ನಿ, ಕೊನೆಗೆ ಜೋಳದ ರೊಟ್ಟಿಯೂ ಹೋಯಿತು. ಮನೆಯಲ್ಲಿ ಅವ್ವ, ನಾನು ಇಬ್ಬರೇ. ಅವ್ವ ಗಂಜಿ, ಸಾಬೂದಾನಿ, ಹೆಸರುಬೇಳೆ ಎಂದು ಪಥ್ಯ ಹಿಡಿದಳು. ಹೊಟ್ಟೆ ಸುಮ್ಮನಾಯಿತು. ಅವ್ವ ಗೆದ್ದೆನೆಂದುಕೊಂಡಳು.

ಆಮೇಲೆ ಮೈಯೂ ಸುಮ್ಮನಾಗತೊಡಗಿತು. ಬಸ್ಸಿನ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುತ್ತಿತ್ತು. ಬಾಚಣಿಗೆ ತುಂಬ ಕೂದಲು. ಅಂಗಿಯೊಳಗೆ ನಾನು ಎಲ್ಲಿದ್ದೇನೆಂದು ಹುಡುಕುವ ಹಾಗೆ ನಟಿಸಿ ಡ್ರೈವರ್ ತಮಾಷೆ ಮಾಡುತ್ತಿದ್ದ. ಕ್ರಮೇಣ ಅವನೂ ತಮಾಷೆ ಬಿಟ್ಟ.

ಒಂದು ಬೆಳಿಗ್ಗೆ ಚಪ್ಪಲಿ ಕಾಲಿಗೆ ಹೋಗಲಿಲ್ಲ.

ಪಾದ ಬಾತಿತ್ತು. ಬೆರಳಿಂದ ಒತ್ತಿದೆ. ಕುಳಿ ಬಿತ್ತು, ಬೇಗ ತುಂಬಲಿಲ್ಲ. ಅವ್ವ ನೋಡಿದಳು. ಅಪ್ಪ ತೀರಿಹೋಗುವ ಮುಂಚೆ ಅವನ ಕಾಲುಗಳೂ ಹೀಗೇ ಬಾತಿದ್ದವು. ಓಣಿಯವರು ಮಾತಾಡಿಸಲು ಬಂದರೆ ಮೊದಲು ನನ್ನ ಪಾದ ನೋಡುತ್ತಿದ್ದರು. ನಾನು ಸಾಯುತ್ತೇನೆ ಎಂದು ನನಗೆ ಭಯವಾಯಿತು.

ಸಿಂಧನೂರಿನ ಡಾಕ್ಟರ ಬಳಿ ಅವ್ವನೂ ಬಂದಳು. ಅವರು ರಿಪೋರ್ಟ್ ನೋಡಿದರು.

"ಕಿಡ್ನಿ, ಲಿವರ್ ಸರಿ ಅದಾವ. ಪ್ರೋಟೀನ್ ಪೂರಾ ಇಳಿದೈತಿ. ಏನು ಊಟ ಮಾಡ್ತೀರಿ?"

"ಎರಡೂ ಹೊತ್ತು ಬ್ಯಾಳಿ ರೀ," ಎಂದೆ.

"ಹೆಂಗ ಮಾಡ್ತೀರಮ್ಮಾ?"

"ಬ್ಯಾಳಿ ಕುದಿಸಿ, ಮ್ಯಾಲಿನ ಕಟ್ಟು ಬಸಿದು ಕೊಡ್ತೀನ್ರಿ. ಜಡ್ಡಾದೋರಿಗೆ ನಮ್ಮಲ್ಲಿ ಕಟ್ಟಽ ಕೊಡೋದು. ಸತ್ವ ಎಲ್ಲಾ ಅದ್ರಾಗ ಇರ್ತೈತಲ್ರಿ."

"ಕೆಳಗ ಉಳಿದ ಬ್ಯಾಳಿ?"

"ಅದು ಹೊಟ್ಟಿಗಿ ಭಾರ ರೀ. ನಾನಽ ಉಣ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇನ್ನ ಮ್ಯಾಲ ಆ ಬ್ಯಾಳಿ ಇವರಿಗೆ ಹಾಕ್ರಿ. ಕಟ್ಟು ಬರೇ ನೀರು."

ಮರುದಿನದಿಂದ ಅವ್ವ ಬೇಳೆಯನ್ನು ನುಣ್ಣಗೆ ಕಡೆದು, ಇಂಗು ಹಾಕಿ, ಸ್ವಲ್ಪ ಸ್ವಲ್ಪವೇ ಬಡಿಸತೊಡಗಿದಳು. ಡಾಕ್ಟರು ಹೇಳಿದ ಮೊಟ್ಟೆ ನಮ್ಮ ಮನೆಯಲ್ಲಿ ಬೇಯುವಂತಿಲ್ಲ. ಸಿಂಧನೂರಿನಲ್ಲಿ ಬಸ್ ನಿಂತಾಗ ತಿನ್ನುತ್ತೇನೆ. ಅವ್ವ ಕೇಳಿಲ್ಲ, ನಾನು ಹೇಳಿಲ್ಲ. ಬಾವು ಮೆಲ್ಲಗೆ ಇಳಿದಿದೆ. ಕರುಳು ಮಾತ್ರ ತನ್ನ ನಡತೆ ಬಿಟ್ಟಿಲ್ಲ; ಯಾವ ತುತ್ತು ಯಾವಾಗ ತಿರುಗಿಬೀಳುತ್ತದೋ ಗೊತ್ತಿಲ್ಲ. ಉಣ್ಣದಿದ್ದರೆ ಏನಾಗುತ್ತದೆಂದು ಮಾತ್ರ ಈಗ ಗೊತ್ತಿದೆ.

ನಿನ್ನೆ ಬಡಿಸುತ್ತಿದ್ದ ಅವ್ವ ಕೈ ತಡೆದಳು.

"ತಮ್ಮಾ, ನಿನ್ನ ಪಾಲಿಂದು ನಾನಽ ಉಂಡು ಕುಂತಿದ್ನಲ್ಲೋ."

ಅಷ್ಟರಲ್ಲಿ ನನ್ನ ಹೊಟ್ಟೆ ಗುಡುಗುಡು ಅಂದಿತು. ಇಬ್ಬರೂ ಕೇಳಿಸಿಕೊಂಡೆವು. ಅವ್ವ ಸೌಟನ್ನು ಹಿಂದಕ್ಕೆ ಎಳೆದುಕೊಂಡಳು.

ನಾನು ಗಂಗಾಳ ಮುಂದೆ ಸರಿಸಿದೆ.

"ಹಾಕು ಬೇ," ಎಂದೆ.