ಹಿಂದಿನ ಸೀಟು

ಕಾನ್ವೆಂಟ್ ಮುಗಿಸಿದ ರಜೆಯಲ್ಲಿ ಅಪ್ಪ ತಮ್ಮ ಹಳೆಯ ಸ್ಪೋರ್ಟ್ಸ್ ಕಾರಿನಲ್ಲೇ ನನಗೆ ಡ್ರೈವಿಂಗ್ ಕಲಿಸಿದರು. ಕೆನೆಬಣ್ಣ, ಎರಡೇ ಬಾಗಿಲು, ಕೈಯಿಂದ ತಿರುಗಿಸಿ ಇಳಿಸುವ ಗಾಜು. ತೊಂಬತ್ತರ ದಶಕದಲ್ಲಿ ನನ್ನ ಮದುವೆಯಾದಾಗ ಅದನ್ನು ನನಗೇ ಕೊಟ್ಟರು. ಅಳಿಯನ ಮನಸ್ಸಿಗೆ ಕಸಿವಿಸಿಯಾಗಬಾರದೆಂದು ಕಾಗದಪತ್ರ ಮಾತ್ರ ನನ್ನವರ ಹೆಸರಿಗೆ ಮಾಡಿಸಿದರು.

ನನ್ನವರಿಗೆ ಆಗ ಸ್ಕೂಟರ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹಾಗಾಗಿ ಕ್ಯಾಂಪಿನ ಪೇಟೆಗೆ ಹೋಗಲಿ, ಮದುವೆ ಮನೆಗೆ ಹೋಗಲಿ, ಸ್ಟಿಯರಿಂಗ್ ನನ್ನ ಕೈಯಲ್ಲಿ. ಪಕ್ಕದಲ್ಲಿ ಮಾವನವರು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ತಲೆ ತಗ್ಗಿಸಿ ನುಸುಳಬೇಕು. ಅತ್ತೆಯವರ ಸೆರಗು ಪ್ರತಿಸಲ ಸೀಟಿನ ಹಿಡಿಕೆಗೆ ಸಿಕ್ಕಿಕೊಳ್ಳುತ್ತಿತ್ತು.

"ಸೊಸಿ ಮುಂದ ಮಹಾರಾಣಿ, ಅತ್ತಿ ಹಿಂದ ಗಂಟುಮೂಟಿ!"

"ಗಾಡಿ ಹೊಡಿಯೋರು ಹಿಂದ ಹೆಂಗ ಕುಂದ್ರಬೇಕ್ರಿ, ಅತ್ತಿ?" ಎಂದೆ ಒಮ್ಮೆ. ಮಾವನವರು ನಕ್ಕರು. ಅತ್ತೆ ನಗಲಿಲ್ಲ.

ಭಾನುವಾರಗಳಂದು ಖಾಲಿ ರಸ್ತೆಯಲ್ಲಿ ನನ್ನವರಿಗೂ ನಾನೇ ಕಲಿಸಿದೆ. ಕೆಲವು ವರ್ಷಗಳ ಮೇಲೆ, ನಾನು ತವರಿಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿತ್ತು. ನನ್ನವರು ಆ ಕಾರನ್ನು ಮಾರಿ, ಏಳು ಜನ ಕೂರುವ, ಜೀಪಿನಷ್ಟು ಎತ್ತರದ ಎಸ್‌ಯುವಿ ಬುಕ್ ಮಾಡಿದ್ದರು.

"ಒಂದ್ ಮಾತು ಹೇಳಬಾರದಿತ್ತೇನ್ರಿ?"

"ಹೇಳಿದ್ರ ನೀ ಅಳ್ತಿದ್ದಿ. ಅದಕ್ಕ ಹೇಳಲಿಲ್ಲ."

ಹೊಸ ಗಾಡಿಯ ಪೂಜೆಗೆ ರಾಂಜಣಗಾಂವಿನ ಗಣಪತಿ ಗುಡಿಗೆ ಹೋದೆವು. ಮನೆಯ ಸೊಸೆಯೆಂದು ಗಾಡಿಗೆ ಆರತಿ ಬೆಳಗಿದವಳು ನಾನೇ. ತಟ್ಟೆಯಲ್ಲಿ ಕುಂಕುಮ ಹತ್ತಿದ ಕೀಲಿ ಇತ್ತು. ಕೈಗೆತ್ತಿಕೊಂಡು, "ಹೈವೇ ತನಕ ನಾ ಹೊಡೀಲೇನ್ರಿ?" ಎಂದೆ.

"ಇಷ್ಟ ದೊಡ್ಡ ಗಾಡಿ ನಿನಗೆಲ್ಲಿ ಆಗ್ತದ?" ಎಂದು ನನ್ನವರು ಕೈ ಚಾಚಿದರು. ಗಾಡಿ ಹೊಡೆಯಲು ನನ್ನಿಂದ ಕಲಿತ ಕೈ ಅದು. ಕೀಲಿ ಕೊಟ್ಟೆ.

ಮುಂದೆ ಅಪ್ಪ-ಮಗ ಕೂತರು. ನಡುವಿನ ಸಾಲು ಅತ್ತೆ, ನಾದಿನಿ, ಅವಳ ಗಂಡನಿಗೆ. ಉಳಿದದ್ದು ಕೊನೆಯ ಸಾಲು, ಪ್ರಸಾದದ ಬುಟ್ಟಿಯ ಪಕ್ಕ. ಅಲ್ಲಿಗೆ ಹೋಗಲು ನಡುವಿನ ಸೀಟು ಮಡಚಿ ನುಸುಳಬೇಕು. ಅತ್ತೆಯವರೇ ಸೀಟು ಹಿಡಿದು ನಿಂತರು.

"ಸಾವಕಾಶ, ತಲಿ ಬಡೀತದ," ಎಂದರು, ಭಾಳ ಪ್ರೀತಿಯಿಂದ.

ಕೂತ ಮೇಲೆ ಗಾಜು ಇಳಿಸಲು ಹಿಡಿಕೆ ಹುಡುಕಿದೆ. ಕೊನೆಯ ಸಾಲಿನ ಗಾಜು ತೆರೆಯುವುದೇ ಇಲ್ಲವಂತೆ. ದಾರಿಯಲ್ಲಿ ಅಡ್ಡ ಬಂದ ಎಮ್ಮೆಯನ್ನು ನೋಡಿ ನನ್ನ ಬಲಗಾಲು ತಾನಾಗಿ ಬ್ರೇಕ್ ಒತ್ತಿತು. ಕಾಲಡಿ ಇದ್ದದ್ದು ತೆಂಗಿನಕಾಯಿಯ ಚೀಲ.